ಜೀಪಿಗೆ ಎರಡನೇ ಬ್ಯಾಟರಿ ಹಾಕಿ, ಆದರೆ ಫ್ಯೂಸು ರಿಲೇ ಬಿಡಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ವಾಹನ ನೋಡಿಕೊಳ್ಳುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಟಯರು, ಬ್ರೇಕು, ವೈಪರು ಎಲ್ಲ ಬಂತು. ಬ್ಯಾಟರಿಗೆ ಮಾತ್ರ ಒಂದೇ ಸಾಲು, ಟರ್ಮಿನಲ್ ಚೊಕ್ಕ ಇಟ್ಟುಕೊಳ್ಳಿ ಅಂತ. ನಮ್ಮ ಕಾಸರಗೋಡಿನ ಗುಡ್ಡದ ಕಡೆ, ಅಂದರೆ ಮುಳ್ಳೇರಿಯ, ಅಡೂರು, ದೇಲಂಪಾಡಿ, ಬಂದಡ್ಕ, ಪಾಣತ್ತೂರು ಈ ಸುತ್ತಿನಲ್ಲಿ, ಫೋರ್‌ವೀಲ್ ಜೀಪಿಗೆ ಎರಡನೇ ಬ್ಯಾಟರಿ ಕೂರಿಸುವುದು ಈಗ ಜಾಸ್ತಿ ಆಗಿದೆ. ನಾನು ಇಲ್ಲೇ ಗಾಡಿಗಳ ವಯರಿಂಗ್ ಕೆಲಸ ಮಾಡುವವನು. ಕೆಲವು ಜೀಪುಗಳ ಬಾನೆಟ್ ಎತ್ತಿದರೆ ಸುಮ್ನೆ ಇರಲಿಕ್ಕೆ ಆಗುವುದಿಲ್ಲ, ಅದಕ್ಕೆ ಈ ಪತ್ರ.

ಎರಡನೇ ಬ್ಯಾಟರಿ ಶೋಕಿ ಅಂತ ನಗುವವರೂ ಇದ್ದಾರೆ. ಎಲ್ಲರದ್ದೂ ಶೋಕಿ ಅಲ್ಲ ಮಾರಾಯ್ರೇ. ಜಾತ್ರೆ, ಚುನಾವಣೆ ಬಂದರೆ ಮೈಕ್ ಕಟ್ಟಿ ಅನೌನ್ಸ್ ಮಾಡುವ ಜೀಪು ಪೇಟೆಯಲ್ಲಿ ಇಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ಆಂಪ್ಲಿಫೈಯರ್ ಓಡಿಸುತ್ತದೆ. ಆಟಿ ತಿಂಗಳ ಮಳೆಗೆ ಕರೆಂಟು ಹೋದರೆ ತೋಟದ ಮನೆಯವರು ಜೀಪಿನಿಂದಲೇ ಇನ್ವರ್ಟರಿಗೆ ವಯರ್ ಎಳೆಯುತ್ತಾರೆ. ಗಲ್ಫಿನಿಂದ ಊರಿಗೆ ಬಂದವರು ಅಲ್ಲಿ ಮರಳುಗಾಡಿಗೆ ಹೋಗುವಾಗ ಇಟ್ಟುಕೊಂಡಿದ್ದ 12 ವೋಲ್ಟಿನ ಫ್ರಿಜ್ಜನ್ನೇ ತಂದು ಇಲ್ಲಿ ಥಾರ್ ಜೀಪಿನ ಹಿಂದೆ ಇಡುತ್ತಾರೆ. ರಾಣಿಪುರಂ ಕಡೆ ಜನ ಕರೆದುಕೊಂಡು ಹೋಗುವವರಿಗೆ ಮಂಜಿಗೆ ಜಾಸ್ತಿ ಲೈಟು ಬೇಕು.

ಗಾಡಿಯ ಜೊತೆ ಬರುವ ಬ್ಯಾಟರಿ ಇರುವುದು ಸ್ಟಾರ್ಟ್ ಮಾಡಲಿಕ್ಕೆ. ಅದರ ಒಳಗೆ ತೆಳು ಪ್ಲೇಟುಗಳು ತುಂಬಾ ಇರುತ್ತವೆ, ಕೆಲವೇ ಸೆಕೆಂಡು ನೂರಾರು ಆಂಪ್ಸ್ ಕೊಟ್ಟು ಡೀಸೆಲ್ ಇಂಜಿನ್ ತಿರುಗಿಸಿ ಬಿಡುತ್ತದೆ. ನಿಧಾನವಾಗಿ ಇಡೀ ರಾತ್ರಿ ಹೀರಿದರೆ ಆ ತೆಳು ಪ್ಲೇಟುಗಳಿಗೆ ತಡೆಯುವುದಿಲ್ಲ. ಪೂರ್ತಿ ಇಳಿದು ಹಾಗೇ ಕೂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಹಾಗೆ ಆಗುವುದಿಲ್ಲ. ನಿಧಾನ ಕೆಲಸಕ್ಕೆ ದಪ್ಪ ಪ್ಲೇಟಿನ ಡೀಪ್ ಸೈಕಲ್ ಬ್ಯಾಟರಿ ಬೇರೆ ಸಿಗುತ್ತದೆ. ಅದರಲ್ಲೂ ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಒಳ್ಳೆಯದು.

ಸ್ವಲ್ಪ ಲೆಕ್ಕ ನೋಡಿ. 55 ವಾಟಿನ ಎರಡು ಬಲ್ಬು ಉರಿದರೆ ಸುಮಾರು 9 ಆಂಪ್ಸ್. ನಾಲ್ಕು ಗಂಟೆ ಉರಿಸಿದರೆ 36 ಆಂಪಿಯರ್ ಅವರ್. ಗಾಡಿಯ ಬ್ಯಾಟರಿ 60 ಆಂಪಿಯರ್ ಅವರಿನದಾದರೆ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಖಾಲಿ. ಹಳೆ ಜೀಪಾದರೆ ಇಳಿಜಾರಿನಲ್ಲಿ ದೂಡಿ ಸ್ಟಾರ್ಟ್ ಮಾಡಬಹುದು, ಅದರ ಡೀಸೆಲ್ ಪಂಪು ಓಡುವುದೇ ಇಂಜಿನಿನ ಬಲದಿಂದ. ಈಗಿನ ಕಾಮನ್ ರೈಲ್ ಡೀಸೆಲ್ ಗಾಡಿಗಳಲ್ಲಿ ಇಸಿಯು, ಅಂದರೆ ಇಂಜಿನ್ ನಡೆಸುವ ಸಣ್ಣ ಕಂಪ್ಯೂಟರಿಗೂ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೂ ಕರೆಂಟು ಬೇಕು. ಬ್ಯಾಟರಿ ಪೂರಾ ಕೂತರೆ ನಾಲ್ಕು ಜನ ಸೇರಿ ದೂಡಿದರೂ ಪ್ರಯೋಜನ ಇಲ್ಲ.

ಹಾಗಾಗಿ ಎರಡನೇ ಬ್ಯಾಟರಿ ಬೇಕು ಅನ್ನುವವರ ಜೊತೆ ನನಗೆ ಜಗಳ ಇಲ್ಲ. ಜಗಳ ಇರುವುದು ಅದನ್ನು ಜೋಡಿಸುವ ಕ್ರಮದ ಮೇಲೆ. ಮೊನ್ನೆ ಬಂದ ಒಂದು ಜೀಪಿನ ಕತೆ ಹೇಳುತ್ತೇನೆ. ಹೊಸ ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲಿ, ಸೈಕಲ್ ಟ್ಯೂಬಿನ ರಬ್ಬರಿನಿಂದ ಕಟ್ಟಿದ್ದು. ಅಲ್ಲಿಂದ ಮುಂದಿನ ಬ್ಯಾಟರಿಗೆ ಬಂದದ್ದು ಮನೆ ವಯರಿಂಗಿನ ಕೆಂಪು ವಯರು. ವಯರಿನ ತುದಿಗೆ ಒತ್ತುವ ಲಗ್ ಇಲ್ಲ, ತಾಮ್ರದ ಎಳೆಗಳನ್ನು ಹೊಸೆದು ಟರ್ಮಿನಲ್ ಬೋಲ್ಟಿಗೆ ಸುತ್ತಿ ಬಿಗಿದಿದ್ದಾರೆ. ನಡುವೆ ಫ್ಯೂಸ್ ಇಲ್ಲ. ಎಕ್ಸಾಸ್ಟ್ ಪೈಪಿನ ಹತ್ತಿರ ವಯರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಉದುರುತ್ತಿತ್ತು, ಅದಕ್ಕೆ ಒಂದು ಗೇಣು ದೂರದಲ್ಲಿ ಡೀಸೆಲ್ ಪೈಪು. ಓನರ್ ಬಂದದ್ದು ಮಾತ್ರ "ಎರಡು ಬ್ಯಾಟರಿ ಇದ್ದರೂ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ" ಅನ್ನುವ ದೂರು ಹೇಳಿಕೊಂಡು.

ಸ್ಟಾರ್ಟ್ ಆಗದೇ ಇರುವುದು ಸಹಜವೇ. ಎರಡು ಬ್ಯಾಟರಿಯನ್ನು ನೇರ ಕಟ್ಟಿದರೆ ಅವು ಎರಡಾಗಿ ಉಳಿಯುವುದೇ ಇಲ್ಲ. ಫ್ರಿಜ್ಜು ಎರಡರಿಂದಲೂ ಹೀರುತ್ತದೆ, ಎರಡೂ ಒಟ್ಟಿಗೆ ಕೂರುತ್ತವೆ. ಒಂದು ಹಳೆಯದು, ಒಂದು ಹೊಸದು ಆದರೆ ಹಳೆಯದು ಹೊಸದನ್ನೂ ಕೆಳಗೆ ಎಳೆಯುತ್ತದೆ. ನಡುವೆ ಒಂದು ಐಸೊಲೇಟರ್, ಅಂದರೆ ಬೇಕಾದಾಗ ಎರಡನ್ನೂ ಸೇರಿಸಿ ಬೇಡದಾಗ ಬೇರೆ ಮಾಡುವ ಸಾಧನ, ಬೇಕೇ ಬೇಕು. ಸಾಮಾನ್ಯವಾಗಿ ಹಾಕುವುದು ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ. ಇಂಜಿನ್ ಓಡಿ ವೋಲ್ಟೇಜ್ ಸುಮಾರು 13.3ಕ್ಕೆ ಏರಿದಾಗ ಎರಡನ್ನೂ ಸೇರಿಸುತ್ತದೆ, ನಿಂತು 12.8ರ ಹತ್ತಿರ ಇಳಿದಾಗ ಬಿಡಿಸುತ್ತದೆ. ನಮ್ಮ ತೋಡಿನ ಕಟ್ಟಕ್ಕೆ ಹಲಗೆ ಇಳಿಸಿ ಎತ್ತಿದ ಹಾಗೆ, ಇದು ಆಟೊಮ್ಯಾಟಿಕ್ ಅಷ್ಟೇ. ರಾತ್ರಿಯಿಡೀ ಫ್ರಿಜ್ ಓಡಿದರೂ ಖಾಲಿಯಾಗುವುದು ಹಿಂದೆ ಇಟ್ಟ ಎರಡನೇ ಬ್ಯಾಟರಿ ಮಾತ್ರ, ಸ್ಟಾರ್ಟಿಂಗಿನದು ಹಾಗೇ ಇರುತ್ತದೆ.

ಆದರೆ 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಹೊಸ ನಿಯಮದ) ಗಾಡಿಗಳಲ್ಲಿ ಕೆಲವಕ್ಕೆ ಈ ರಿಲೇ ಸರಿಹೋಗುವುದಿಲ್ಲ. ಅವುಗಳಲ್ಲಿ ಇಂಜಿನಿನ ಬಲದಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎಷ್ಟು ವೋಲ್ಟೇಜ್ ಕೊಡಬೇಕು ಅನ್ನುವುದನ್ನು ಇಸಿಯು ತೀರ್ಮಾನಿಸುತ್ತದೆ. ಮುಂದಿನ ಬ್ಯಾಟರಿ ತುಂಬಿತು ಅಂತ ಗೊತ್ತಾದರೆ ಡೀಸೆಲ್ ಉಳಿಸಲಿಕ್ಕೆ ವೋಲ್ಟೇಜ್ ಇಳಿಸಿ ಬಿಡುತ್ತದೆ, ಆಗ ರಿಲೇ ಬಿಟ್ಟುಕೊಳ್ಳುತ್ತದೆ, ಹಿಂದಿನ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಅಂಥ ಗಾಡಿಗೆ, ಮುಂದಿನ ವೋಲ್ಟೇಜ್ ಕಡಿಮೆ ಇದ್ದರೂ ಹಿಂದಿನದಕ್ಕೆ ಬೇಕಾದಷ್ಟು ಏರಿಸಿ ಕೊಡುವ ಡಿಸಿ ಟು ಡಿಸಿ ಚಾರ್ಜರ್ ಹಾಕಬೇಕು. ರೇಟು ಜಾಸ್ತಿ, ನಿಜ. ಇನ್ನೊಂದು, ಈ ಗಾಡಿಗಳ ನೆಗೆಟಿವ್ ಟರ್ಮಿನಲ್ ಮೇಲೆ ಬ್ಯಾಟರಿಯ ಕರೆಂಟು ಅಳೆಯುವ ಸಣ್ಣ ಸೆನ್ಸರ್ ಇರುತ್ತದೆ. ಎರಡನೇ ಬ್ಯಾಟರಿಯ ನೆಗೆಟಿವನ್ನು ನೇರ ಆ ಟರ್ಮಿನಲ್ಲಿಗೇ ಕೊಟ್ಟರೆ ಸೆನ್ಸರಿಗೆ ಲೆಕ್ಕ ತಪ್ಪುತ್ತದೆ. ಚಾಸಿಗೆ ಅರ್ತ್ ಕೊಡಿ, ಅದೂ ಪೇಂಟ್ ಕೆರೆದು, ಬೋಲ್ಟ್ ಹಾಕಿ, ಮೇಲೆ ಗ್ರೀಸ್ ಹಚ್ಚಿ.

ಈಗ ಫ್ಯೂಸಿನ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಒಂದು ಬ್ಯಾಟರಿ ಇದ್ದಾಗ ವಯರಿಗೆ ಕರೆಂಟು ಬರುವುದು ಒಂದು ಕಡೆಯಿಂದ. ಎರಡಿದ್ದರೆ ಎರಡು ಕಡೆಯಿಂದ ಬರುತ್ತದೆ. ವಯರು ನಡುವೆ ಎಲ್ಲೋ ಉಜ್ಜಿ ಬಾಡಿಗೆ ತಾಗಿತು ಅಂತ ಇಟ್ಟುಕೊಳ್ಳಿ. ಮುಂದೆ ಮಾತ್ರ ಫ್ಯೂಸ್ ಹಾಕಿದ್ದರೆ ಅದು ಹಾರುತ್ತದೆ, ಆದರೆ ಹಿಂದಿನ ಬ್ಯಾಟರಿ ನೂರಾರು ಆಂಪ್ಸ್ ಸುರಿಯುತ್ತಲೇ ಇರುತ್ತದೆ, ವಯರು ಕೆಂಪಗೆ ಕಾಯುತ್ತದೆ. ಆದ್ದರಿಂದ ಎರಡೂ ಪಾಸಿಟಿವ್ ಟರ್ಮಿನಲಿಗೆ ಆದಷ್ಟು ಹತ್ತಿರ ಒಂದೊಂದು ಫ್ಯೂಸ್ ಬೇಕು. ದೊಡ್ಡ ಫ್ಯೂಸ್ ಹಾಕಿದರೆ ಒಳ್ಳೆಯದು ಅಂತ ತಿಳಿದವರೂ ಇದ್ದಾರೆ. ಫ್ಯೂಸ್ ಇರುವುದು ವಯರನ್ನು ಕಾಯಲಿಕ್ಕೆ, ವಯರು ತಾಳುವುದಕ್ಕಿಂತ ದೊಡ್ಡದು ಹಾಕಿದರೆ ಹಾಕದ ಹಾಗೇ ಲೆಕ್ಕ.

ವಯರಿನ ದಪ್ಪದಲ್ಲೂ ಉಳಿತಾಯ ನೋಡುತ್ತಾರೆ. ಮನೆಗೆ ಹಾಕುವ 2.5 ಚದರ ಮಿಲಿಮೀಟರಿನ ವಯರನ್ನು 5 ಮೀಟರ್ ಎಳೆದು 20 ಆಂಪ್ಸ್ ಹರಿಸಿದರೆ ಸುಮಾರು ಮುಕ್ಕಾಲು ವೋಲ್ಟು ದಾರಿಯಲ್ಲೇ ಹೋಗುತ್ತದೆ. 25 ಚದರ ಮಿಲಿಮೀಟರಿನ ಕೇಬಲ್ ಹಾಕಿದರೆ ಅದರ ಹತ್ತನೇ ಒಂದು ಪಾಲು ಮಾತ್ರ. ಮುಕ್ಕಾಲು ವೋಲ್ಟು ಏನು ಮಹಾ ಅನ್ನಬೇಡಿ. ಆಲ್ಟರ್ನೇಟರ್ ಕೊಡುವುದೇ 14ರ ಆಸುಪಾಸು, ತುಂಬಿದ ಬ್ಯಾಟರಿ ಇರುವುದು 12.6ರಲ್ಲಿ. ಆ ನಡುವಿನ ಒಂದೂವರೆ ವೋಲ್ಟಿನಲ್ಲೇ ಚಾರ್ಜ್ ಆಗಬೇಕು. ನಾವು ಓಡಾಡುವುದೂ ಬದಿಯಡ್ಕದಿಂದ ಕುಂಬಳೆಗೆ, ಮನೆಯಿಂದ ಪೇಟೆಗೆ. ಅಷ್ಟು ಸಣ್ಣ ಓಟಕ್ಕೆ ದಪ್ಪ ಕೇಬಲ್ ಇದ್ದರೂ ದೊಡ್ಡ ಬ್ಯಾಟರಿ ಪೂರ್ತಿ ತುಂಬುವುದಿಲ್ಲ, ಸೀಸದ ಬ್ಯಾಟರಿಗೆ ಕೊನೆಯ ಸ್ವಲ್ಪ ತುಂಬಲಿಕ್ಕೇ ಗಂಟೆಗಟ್ಟಲೆ ಬೇಕು. ಆಗಾಗ ಮನೆಯಲ್ಲಿ ಚಾರ್ಜರಿಗೆ ಹಾಕಿ. ಕೇಬಲಿಗೆ ಹೊರಗಿನಿಂದ ಫ್ಲೆಕ್ಸಿಬಲ್ ಪೈಪೂ ಹಾಕಿ. ಅಡಿಕೆ ಶೆಡ್ಡಿನಲ್ಲಿ ಜೀಪು ನಿಲ್ಲಿಸುವವರಿಗೆ ಇಲಿಯ ಉಪದ್ರ ನಾನು ಹೇಳಬೇಕಾಗಿಲ್ಲ ಅಲ್ವಾ.

ಇನ್ನು ಜಾಗ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಒಂದು ಕಿಡಿ ಸಾಕು ಒಡೆಯಲಿಕ್ಕೆ. ಜನ ಕೂರುವ ಕಡೆ, ಸೀಟಿನ ಅಡಿಯಲ್ಲಿ ಅದು ಬೇಡವೇ ಬೇಡ. ಒಳಗೇ ಇಡಬೇಕು ಅಂತಾದರೆ ಎಜಿಎಂ ತರದ ಸೀಲ್ಡ್ ಬ್ಯಾಟರಿ ಹಾಕಿ, ಕಬ್ಬಿಣದ ಟ್ರೇ ಮಾಡಿಸಿ ಕ್ಲಾಂಪ್ ಬಿಗಿಯಿರಿ. 100 ಆಂಪಿಯರ್ ಅವರಿನ ಸೀಸದ ಬ್ಯಾಟರಿ 25 ಕಿಲೋಗಿಂತ ಜಾಸ್ತಿ ತೂಗುತ್ತದೆ, ಗಾಡಿ ಮಗುಚಿದರೆ ಅದು ಎಲ್ಲಿಗೆ ಬಂದು ಬೀಳುತ್ತದೆ ಅಂತ ಯೋಚಿಸಿ. ಲಿಥಿಯಂ ಹಗುರ, ಅದನ್ನು ಇಂಜಿನಿನ ಬಿಸಿಯ ಹತ್ತಿರ ಇಡಬೇಡಿ, ಅದಕ್ಕೆ ಹೊಂದುವ ಚಾರ್ಜರ್ ಇಲ್ಲದೆ ನೇರ ಕಟ್ಟಲೂ ಬೇಡಿ.

ಕೆಲಸ ಸರಿಯಾಗಿದೆಯಾ ಅಂತ ನೋಡಲಿಕ್ಕೆ ಯಾರನ್ನೂ ನಂಬಬೇಕಾಗಿಲ್ಲ, ನನ್ನನ್ನೂ. ಒಂದು ಸಾದಾ ಮಲ್ಟಿಮೀಟರ್ ತಗೊಳ್ಳಿ. ರಿಲೇ ಹಾಕಿದ ಗಾಡಿಯಾದರೆ ಇಂಜಿನ್ ಓಡುವಾಗ ಸ್ವಲ್ಪ ಹೊತ್ತಿನಲ್ಲಿ ಎರಡೂ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಕಾಣಬೇಕು. ಹಿಂದಿನದರಲ್ಲಿ ಅರ್ಧ ಮುಕ್ಕಾಲು ಕಡಿಮೆ ಇದ್ದರೆ ಕೇಬಲ್ ಅಥವಾ ಅರ್ತ್ ಸರಿ ಇಲ್ಲ. ಇಂಜಿನ್ ನಿಲ್ಲಿಸಿ ಹಿಂದಿನ ಬ್ಯಾಟರಿಯಿಂದ ಲೈಟು ಉರಿಸಿ, ಒಂದು ಗಂಟೆ ಬಿಟ್ಟು ಮುಂದಿನದನ್ನು ಅಳೆಯಿರಿ. ಅದೂ ಇಳಿಯುತ್ತಾ ಹೋದರೆ ಐಸೊಲೇಟರ್ ಬಿಡಿಸಿಕೊಂಡಿಲ್ಲ ಅಂತ ಅರ್ಥ. ನಿಂತ ಬ್ಯಾಟರಿಯಲ್ಲಿ 12.2 ಕಂಡರೆ ಅರ್ಧ ಖಾಲಿ ಅಂತ ತಿಳಿಯಿರಿ.

ಸಾರಿಗೆ ಇಲಾಖೆಯವರಿಗೂ ಒಂದು ಮಾತು. ಆರ್‌ಸಿಯಲ್ಲಿ ಇರುವ ವಿವರ ಕಂಪೆನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ನಮ್ಮ ಕೇರಳದಿಂದಲೇ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿದೆ. ಆಮೇಲೆ ತಪಾಸಣೆಗೆ ಹೆದರಿ ಜನ ಈ ಕೆಲಸವನ್ನು ಕದ್ದು ಮಾಡಿಸುತ್ತಾರೆ, ಕದ್ದು ಮಾಡಿಸಿದ ಕೆಲಸ ಹೇಗಿರುತ್ತದೆ ಅಂತ ಮೇಲೆ ಬರೆದಿದ್ದೇನೆ. ಬಾಡಿ, ಚಾಸಿ ಕತ್ತರಿಸದೆ, ಫ್ಯೂಸು ಐಸೊಲೇಟರ್ ಸಮೇತ ಹಾಕಿದ ಬ್ಯಾಟರಿಗೆ ಯಾವ ನಿಯಮ ಅಂತ ಇಲಾಖೆ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಗ್ಯಾರೇಜುಗಳಿಗೆ ಹಂಚಲಿ. ಅದು ಮಲಯಾಳದಲ್ಲಿ ಇರುವ ಹಾಗೆ ಕನ್ನಡದಲ್ಲೂ ಇರಲಿ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಓದುವ ಮೆಕ್ಯಾನಿಕ್‌ಗಳು ತುಂಬಾ ಮಂದಿ ಇದ್ದಾರೆ. ಜಿಲ್ಲೆಯ ಐಟಿಐಗಳಲ್ಲಿ ಒಂದು ದಿನದ ತರಬೇತಿ ಇಟ್ಟರೆ ನಮ್ಮಲ್ಲಿ ಕೆಲಸ ಮಾಡುವ ಹುಡುಗರನ್ನು ಅಂಗಡಿ ಮುಚ್ಚಿಯಾದರೂ ಕಳಿಸುತ್ತೇವೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಸಲ ವಾಹನದ ಪುಟದಲ್ಲಿ ಜಾಗ ಇದ್ದರೆ ಎರಡು ಬ್ಯಾಟರಿ, ಎರಡು ಫ್ಯೂಸು, ನಡುವೆ ರಿಲೇ, ಇಷ್ಟನ್ನು ತೋರಿಸುವ ಒಂದು ಚಿತ್ರ ಹಾಕಿ. ಬೇಕಿದ್ದರೆ ನಾನೇ ಪೆನ್ಸಿಲಿನಲ್ಲಿ ಬರೆದು ಕಳಿಸುತ್ತೇನೆ.

ಇತಿ,
ಮುಳ್ಳೇರಿಯ ಕಡೆಯ ಒಬ್ಬ ವಯರಿಂಗ್ ಕೆಲಸದವ