ಕಿಮೊ ರೋಗಿಯ ಜ್ವರ: ಬೆಳಗಾಗಲೆಂದು ಕಾಯಬೇಡಿ

ಮಾನ್ಯರೇ,

ಕ್ಯಾನ್ಸರ್‌ಗೆ ಕಿಮೊಥೆರಪಿ ಪಡೆದು ರಾಯಚೂರಿಗೆ ಮರಳಿದವರನ್ನು ನೋಡಲು ನೆಂಟರು, ಓಣಿಯವರು ಬರುವುದು ಪ್ರೀತಿಯಿಂದಲೇ ಆದರೂ, ಸಾಮಾನ್ಯವಾಗಿ ಔಷಧ ಕೊಟ್ಟ 7ರಿಂದ 14 ದಿನಗಳ ನಡುವೆ ಸೋಂಕನ್ನು ತಡೆಯುವ ಬಿಳಿ ರಕ್ತಕಣಗಳು ತೀರಾ ಕುಸಿಯುವುದರಿಂದ ನೆಗಡಿ, ಕೆಮ್ಮು ಇದ್ದವರು ಫೋನಿನಲ್ಲೇ ಕ್ಷೇಮ ವಿಚಾರಿಸುವುದು ಲೇಸು. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಪ್ಯಾರಾಸಿಟಮಾಲ್ ಜ್ವರವನ್ನು ಇಳಿಸಬಹುದು, ಸೋಂಕನ್ನಲ್ಲ.

ಕಿಮೊದಿಂದ ಬಾಯಿ ಹುಣ್ಣಾಗಿದ್ದ ನಮ್ಮ ಅತ್ತಿಗೆಯವರು ಖಡಕ್ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ, ಆರಿದ ಜೋಳದ ಗಂಜಿಯನ್ನು ಚಮಚದಿಂದ ತುಸುತುಸುವೇ ಕುಡಿಯುತ್ತಿದ್ದರು. ಅವರಿಗೆ ಇನ್ನಷ್ಟು ಉಣ್ಣಿರೆಂಬ ನಮ್ಮ ಒತ್ತಾಯವೇ (ನಮ್ಮ ಕಡೆ ಅದನ್ನೇ ಉಪಚಾರವೆನ್ನುತ್ತೇವೆ) ಹಿಂಸೆಯಾಗಿತ್ತು.

ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯವರೆಗೆ ಹೋಗಿಬರುವ ಈ ಭಾಗದ ರೋಗಿಗಳಿಗೆ ಜ್ವರ ಬಂದಾಗ, ಸಾಲಿನಲ್ಲಿ ನಿಲ್ಲಿಸದೆ ತಕ್ಷಣ ರಕ್ತಪರೀಕ್ಷೆ ನಡೆಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆಯು ಜಿಲ್ಲಾ ಮಟ್ಟದಲ್ಲೇ ಖಚಿತಪಡಿಸಬೇಕು.

– ಓದುಗರೊಬ್ಬರು, ರಾಯಚೂರು