ಗೆಳೆಯನಿಗೊಂದು ಪತ್ರ: ಐರಿಷರ ಅಂಗಳದಲ್ಲಿ ನನ್ನ ಬೇಸಿಗೆ

ಪ್ರೀತಿಯ ಮಂಜು,

ಎಡಗಾಲಿನ ಹೆಬ್ಬೆರಳು ಊದಿಕೊಂಡು ಗುಂಡುಬದನೆ ಆಗಿದೆ. ತುಳಿದವರು ಎಪ್ಪತ್ತು ದಾಟಿದ ಒಬ್ಬ ಐರಿಷ್ ಅಜ್ಜಿ. ತಪ್ಪು ಪೂರ್ತಿ ನನ್ನದೇ, ಬಲಕ್ಕೆ ತಿರುಗಿ ಅಂದಾಗ ಎಡಕ್ಕೆ ತಿರುಗಿದವನು ನಾನು. ಫೋನ್ ಮಾಡಿ ಹೇಳಿದರೆ ನೀನು ನಗೋದರಲ್ಲೇ ಉಳಿದದ್ದು ಕೇಳಿಸಿಕೊಳ್ಳೋದಿಲ್ಲ, ಅದಕ್ಕೇ ಬರೀತಿದ್ದೇನೆ.

ಬಾಸ್ಟನ್ನಿನಿಂದ ದಕ್ಷಿಣಕ್ಕೆ ಅರ್ಧ ಗಂಟೆ ಬಂದರೆ ಕ್ಯಾಂಟನ್ ಅಂತ ಊರು. ಅಲ್ಲಿ ಐರಿಷರ ಸಾಂಸ್ಕೃತಿಕ ಕೇಂದ್ರ ಇದೆ. ನಮ್ಮ ಮನೆಯಿಂದ ಹತ್ತೇ ನಿಮಿಷ. ಆರು ವರ್ಷದಿಂದ ಅದರ ಬೋರ್ಡ್ ನೋಡಿಕೊಂಡು ಓಡಾಡಿದ್ದೆನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಈ ಸಲ ಮಗಳ ಗೆಳತಿಯ ಮನೆಯವರು ಭಾನುವಾರ ಮ್ಯಾಚ್ ಇದೆ ಬನ್ನಿ ಅಂತ ಕರೆದರು. ಊರಲ್ಲಿ ಜಡಿಮಳೆ ಹಿಡಿಯುವ ಹೊತ್ತಿಗೆ ಇಲ್ಲಿ ಬೇಸಿಗೆ ಶುರುವಾಗೋದು ಅಂತ ನಿನಗೆ ಗೊತ್ತೇ ಇದೆ. ಜೂನ್‌ನಿಂದ ಆಗಸ್ಟ್ ಮುಗಿಯೋ ತನಕ ಮೂರು ತಿಂಗಳು ಜನ ಮನೆಯೊಳಗೆ ಕೂರೋದೇ ಇಲ್ಲ.

ಹೋದೆವು. ಎಕರೆಗಟ್ಟಲೆ ಹುಲ್ಲು, ಆಟದ ಮೈದಾನಗಳು, ಒಂದು ಕಡೆ ದೊಡ್ಡ ಕಟ್ಟಡ. ಅದರೊಳಗೆ ಸಭಾಂಗಣ, ಪಬ್ಬು. ಮೈದಾನದಲ್ಲಿ ಹರ್ಲಿಂಗ್ ನಡೀತಿತ್ತು. ಚಿನ್ನಿದಾಂಡು, ಹಾಕಿ ಮತ್ತು ಒಂದು ಸಣ್ಣ ಯುದ್ಧ, ಮೂರನ್ನೂ ಕಲೆಸಿದರೆ ಏನಾಗುತ್ತೋ ಅದು. ಕೈಯಲ್ಲಿ ತುದಿ ಬಾಗಿದ, ಅಗಲವಾದ ಮರದ ಕೋಲು. ಐರಿಷ್ ಭಾಷೆಯಲ್ಲಿ ಅದಕ್ಕೆ ‘ಕಮಾನ್’ ಅಂತಾರೆ. ‘ಕಮ್’ ಅಂದರೆ ಬಾಗಿದ್ದು. ನಮ್ಮ ಕಮಾನು ಪಾರ್ಸಿಯಿಂದ ಬಂದದ್ದು, ಹೋಲಿಕೆ ಕಾಕತಾಳೀಯ, ಆದರೂ ನನಗೆ ಖುಷಿಯಾಯ್ತು. ಕ್ರಿಕೆಟ್ ಚೆಂಡಿನಷ್ಟೇ ಗಟ್ಟಿಯಾಗಿ ಕಾಣುವ ಚರ್ಮದ ಚೆಂಡನ್ನು ಕೋಲಿನ ತುದಿಯಲ್ಲಿ ಕೂರಿಸಿಕೊಂಡು ಓಡ್ತಾರೆ, ಓಡ್ತಾ ಓಡ್ತಾ ಗಾಳಿಯಲ್ಲೇ ಬಾರಿಸ್ತಾರೆ. ಚೆಂಡು ಗಂಟೆಗೆ 150 ಕಿಲೋಮೀಟರ್ ದಾಟೋದೂ ಉಂಟು. ಹೆಲ್ಮೆಟ್ ಕಡ್ಡಾಯ ಮಾಡಿದ್ದು 2010ರಲ್ಲಂತೆ! ಅದಕ್ಕೆ ಮುಂಚೆ ದೊಡ್ಡವರಲ್ಲಿ ಎಷ್ಟೋ ಜನ ಬರಿತಲೆಯಲ್ಲಿ ಆಡ್ತಿದ್ದರು ಅನ್ನೋದನ್ನ ನೆನೆಸಿಕೋ.

ಗೋಲಿನ ಕಂಬ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲು, ಅದಕ್ಕೆ ಮೂರು ಅಂಕ. ಮೇಲೆ ಹಾದರೆ ಒಂದೇ ಅಂಕ. ಬೋರ್ಡಿನಲ್ಲಿ ‘2-11’ ಅಂತ ಹಾಕಿರ್ತಾರೆ. ಅಂದರೆ ಎರಡು ಗೋಲು, ಹನ್ನೊಂದು ಪಾಯಿಂಟ್, ಒಟ್ಟು 17. ನಾನು ಮೊದಲರ್ಧ ಪೂರ್ತಿ ಹನ್ನೊಂದರ ಕಡೆಯವರು ಭಾರಿ ಮುಂದಿದ್ದಾರೆ ಅಂದುಕೊಂಡು ತಪ್ಪು ತಂಡಕ್ಕೆ ಚಪ್ಪಾಳೆ ತಟ್ಟುತ್ತಿದ್ದೆ.

ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜ ಅದನ್ನು ತಿದ್ದಿದರು. ಆಮೇಲೆ ಕೇಳಿದರು: ‘ಹೌ ಈಸ್ ದ ಕ್ರ್ಯಾಕ್?’ ನನಗೆ ಒಂದು ಕ್ಷಣ ಯಾರನ್ನ ಕ್ರ್ಯಾಕ್ ಅಂತಿದ್ದಾರೆ ಅಂತ ತಿಳೀಲಿಲ್ಲ. ಅವರಲ್ಲಿ ಕ್ರ್ಯಾಕ್ ಅಂದರೆ ಮಜಾ, ಹರಟೆ, ಸುದ್ದಿ ಎಲ್ಲ. ನಮ್ಮಲ್ಲಿ ತಲೆಕೆಟ್ಟವನು ಅಂತ ಹೇಳಿದೆ. ‘ಅದೂ ತಪ್ಪಲ್ಲ’ ಅಂದರು.

ಮುಂದಿನ ಪ್ರಶ್ನೆ ಏನಿರಬಹುದು ಹೇಳು? ‘ಊರು ಯಾವುದು?’ ಇಂಡಿಯಾ ಅಂದೆ. ಅದಲ್ಲ, ಇಂಡಿಯಾದಲ್ಲಿ ಎಲ್ಲಿ? ಕರ್ನಾಟಕ. ಕರ್ನಾಟಕದಲ್ಲಿ ಎಲ್ಲಿ? ಮಾರಾಯ, ಇಷ್ಟು ವರ್ಷದಲ್ಲಿ ಇಲ್ಲಿ ಯಾರೂ ನನ್ನನ್ನ ನಮ್ಮೂರು ಸಾಗರದ ತನಕ ಎಳೆದುಕೊಂಡು ಹೋಗಿರಲಿಲ್ಲ. ಇವರಿಗೆ ದೇಶ ಸಾಲದು, ಕೌಂಟಿ ಬೇಕು, ನಮ್ಮ ಜಿಲ್ಲೆ ಇದ್ದ ಹಾಗೆ. 32 ಕೌಂಟಿ, ಒಂದೊಂದಕ್ಕೂ ಒಂದೊಂದು ಬಣ್ಣದ ಅಂಗಿ. ಕೆರ್ರಿಯದು ಹಸಿರು-ಹಳದಿ, ಗಾಲ್ವೇಯದು ಕಡುಗೆಂಪು. ಬಾಸ್ಟನ್ನಿನ ತಂಡಗಳಲ್ಲೂ ಕೆಲವಕ್ಕೆ ಆ ಕೌಂಟಿಗಳದ್ದೇ ಹೆಸರು. ಬೇಸಿಗೆ ರಜೆಗೆ ಬರುವ ಐರಿಷ್ ಕಾಲೇಜು ಹುಡುಗರು ಹಗಲು ಪೇಂಟಿಂಗೋ ಗಾರೆಯೋ ಮಾಡಿ, ಸಂಜೆ ಅಭ್ಯಾಸ ಮಾಡಿ, ಭಾನುವಾರ ಆಡ್ತಾರೆ. ಅವರ ಊರಲ್ಲೂ ಈ ಆಟಕ್ಕೆ ಸಂಬಳ ಇಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 80,000ಕ್ಕೂ ಹೆಚ್ಚು ಜನರೆದುರು ಫೈನಲ್ ಆಡಿದವನೂ ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗಿ ಪಾಠ ಮಾಡಬೇಕು.

ಅಜ್ಜ ಮೇಯೋ ಕೌಂಟಿಯವರು. ಮೇಯೋದ ಕತೆ ಕೇಳಿದರೆ ನೀನು ಮರುಗಿಬಿಡ್ತೀಯ. ಐರಿಷ್ ಫುಟ್‌ಬಾಲಿನಲ್ಲಿ (ಸಾಕರ್ ಅಲ್ಲ, ಅವರದೇ ಬೇರೆ ಆಟ) ಅವರು ದೇಶದ ಕಪ್ ಗೆದ್ದದ್ದು 1951ರಲ್ಲಿ, ಅದೇ ಕೊನೆ. ಆಮೇಲೆ ಫೈನಲ್ಲಿಗೆ ಬರೋದು, ಸೋಲೋದು. ಐತಿಹ್ಯ ಏನಪ್ಪಾ ಅಂದರೆ, ಗೆದ್ದ ತಂಡ ಲಾರಿಯಲ್ಲಿ ಕುಣೀತಾ ವಾಪಸ್ ಬರುವಾಗ ಫಾಕ್ಸ್‌ಫರ್ಡ್ ಅನ್ನೋ ಊರಲ್ಲಿ ಒಂದು ಶವಯಾತ್ರೆ ಎದುರಾಯ್ತಂತೆ, ಇವರು ನಿಲ್ಲಿಸಲಿಲ್ಲವಂತೆ. ಪಾದ್ರಿ ಶಪಿಸಿದನಂತೆ: ಈ ತಂಡದ ಕೊನೆಯವನು ಬದುಕಿರುವ ತನಕ ನಿಮಗೆ ಕಪ್ ಇಲ್ಲ. ಆ ಕೊನೆಯವರು 2021ರಲ್ಲಿ ತೀರಿಕೊಂಡರು. ಕಪ್ ಇನ್ನೂ ಬಂದಿಲ್ಲ! ನಾನು ಅಲಮೇಲಮ್ಮನ ಕತೆ ಹೇಳಿದೆ. ತಲಕಾಡು ಮರಳಾಗಿ, ಮಾಲಿಂಗಿ ಮಡುವಾಗಿ, ಮೈಸೂರು ದೊರೆಗೆ ಮಕ್ಕಳಾಗದೆ ಹೋದದ್ದು. ಬಹಳ ಗೌರವದಿಂದ ಕೇಳಿಸಿಕೊಂಡರು. ಆರ್‌ಸಿಬಿ 18 ವರ್ಷ ಕಾದು 2025ರಲ್ಲಿ ಗೆದ್ದದ್ದನ್ನು ಮಾತ್ರ ‘ಹದಿನೆಂಟಾ? ಅದೇನು ಮಹಾ’ ಅಂತ ತಳ್ಳಿಹಾಕಿದರು.

ನನ್ನ ಹತ್ತಿರ ಇನ್ನೊಂದು ಅಸ್ತ್ರ ಇತ್ತು. ಮಾರ್ಗರೆಟ್ ಕಸಿನ್ಸ್. 1919ರಲ್ಲಿ ಠಾಕೂರರು ನಮ್ಮ ಕೋಲಾರದ ಗಡಿಯಾಚೆಯ ಮದನಪಲ್ಲಿಗೆ ಬಂದಾಗ ಜನಗಣಮನದ ರಾಗಕ್ಕೆ ಸ್ವರಲಿಪಿ ಬರೆದವರು ಆಕೆ. ರೋಸ್‌ಕಾಮನ್ ಕೌಂಟಿಯ ಬಾಯ್ಲ್ ಅನ್ನೋ ಊರಿನವರು. ಹೇಳಿ ಮುಗಿಸಿ, ಅಜ್ಜನ ಕಣ್ಣು ಒದ್ದೆಯಾಗುತ್ತೆ ಅಂತ ಕಾದೆ. ರೋಸ್‌ಕಾಮನ್ ಮೇಯೋದ ಪಕ್ಕದ ಕೌಂಟಿ, ಹಳೇ ಪೈಪೋಟಿ. ಅಜ್ಜ ಹೇಳಿದರು: ‘ರೋಸ್‌ಕಾಮನ್ನವರಾ? ಹಾಡು ಬರಬಹುದು. ಫುಟ್‌ಬಾಲ್ ಬರೋಲ್ಲ.’

ಚಹಾದ ವಿಷಯ ಹೇಳದಿದ್ದರೆ ಪತ್ರ ಅಪೂರ್ಣ. ಈ ದೇಶದಲ್ಲಿ ಚಹಾ ಅಂದರೆ ಒಂದೋ ಐಸು, ಇಲ್ಲ ಬಿಸಿನೀರಲ್ಲಿ ನೆನೆದ ದಾರ. ಇಲ್ಲಿ ಒಬ್ಬರು ದೊಡ್ಡ ಕೆಟಲಿನಿಂದ ಬಗ್ಗಿಸಿದ ಚಹಾ ಕಡುಗೆಂಪಗಿತ್ತು. ಅದಕ್ಕೆ ಹಾಲು ಸುರಿದಾಗ ಬಂದ ಬಣ್ಣ ನಮ್ಮ ಸಾಗರ ಬಸ್‌ಸ್ಟ್ಯಾಂಡಿನ ಹೋಟೆಲಿನದೇ. ಏಲಕ್ಕಿ ಇಲ್ಲ, ಶುಂಠಿ ಇಲ್ಲ, ಆದರೂ ಖಡಕ್. ಎರಡು ಕಪ್ ಕುಡಿದೆ. ತಿನ್ನಲು ಏನಿದೆ ಅಂದರೆ ‘ಕರಿ ಚಿಪ್ಸ್’. ಆಲೂಗಡ್ಡೆ ಬೋಂಡದ ಹತ್ತಿರದ್ದೇನೋ ಅಂತ ಆಸೆಪಟ್ಟೆ. ಬಿಸಿ ಫ್ರೆಂಚ್ ಫ್ರೈ ಮೇಲೆ ಹಳದಿ ಗೊಜ್ಜಿನಂಥದು, ಸ್ವಲ್ಪ ಸಿಹಿ. ಐರ್ಲೆಂಡಿನಲ್ಲಿ ಇದು ಬೀದಿಬೀದಿಯ ತಿಂಡಿಯಂತೆ. ಅದನ್ನು ಕರಿ ಅಂತ ಕರೆದವರ ಮೇಲೆ ನನಗೆ ಸಿಟ್ಟಿಲ್ಲ, ಪೂರ್ತಿ ಖಾಲಿ ಮಾಡಿದೆ.

ಆಮೇಲಿಂದ ಪ್ರತಿ ವಾರ ಹೋಗ್ತಿದ್ದೇವೆ. ಒಂದು ಸಂಜೆ ‘ಸೆಷನ್’ ನೋಡಿದೆ. ವೇದಿಕೆ ಇಲ್ಲ, ಮೈಕಿಲ್ಲ, ಸ್ವಾಗತ ಭಾಷಣವಂತೂ ಇಲ್ಲವೇ ಇಲ್ಲ. ಮೇಜಿನ ಸುತ್ತ ಏಳೆಂಟು ಜನ, ಪಿಟೀಲು, ತಗಡಿನ ಕೊಳಲು, ಗುಂಡಿ ಒತ್ತುವ ಅಕಾರ್ಡಿಯನ್. ಯಾರೋ ಒಬ್ಬರು ಒಂದು ಧಾಟಿ ಎತ್ತುತ್ತಾರೆ, ಗೊತ್ತಿದ್ದವರು ಸೇರಿಕೊಳ್ತಾರೆ, ಗೊತ್ತಿಲ್ಲದವರು ಬಿಯರ್ ಕುಡೀತಾರೆ. ನಮ್ಮ ಶನಿವಾರದ ಭಜನೆ ನೆನಪಾಯ್ತು, ಬಿಯರ್ ಬಿಟ್ಟು. ‘ಬೌರಾನ್’ ಅಂತ ಒಂದು ವಾದ್ಯ ಇದೆ, ಬಳೆಗೆ ಆಡಿನ ಚರ್ಮ ಬಿಗಿದದ್ದು, ನೋಡಲು ತಮಟೆಯೇ. ಬಲಗೈಯಲ್ಲಿ ಎರಡೂ ತುದಿಯಿಂದ ಹೊಡೆಯುವ ಗಿಡ್ಡ ಕೋಲು. ಎಡಗೈ ಚರ್ಮದ ಹಿಂದೆ. ಆ ಅಂಗೈ ಒಳಗಿಂದ ಸರಿದಾಡಿ ಒತ್ತಿದ ಹಾಗೆಲ್ಲ ದನಿ ಏರಿ ಇಳಿಯುತ್ತೆ. ಅವತ್ತು ಸೆಖೆ, ಚರ್ಮ ಸಡಿಲ ಆಗಿತ್ತು. ಬಾರಿಸುವ ಹೆಂಗಸು ‘ಈ ಹವೆಗೆ ಇದು ಹಸಿ ರೊಟ್ಟಿ’ ಅಂತ ಗೊಣಗಿದರು. ನಮ್ಮೂರಲ್ಲಿ ಹುಲ್ಲು ಹೊತ್ತಿಸಿ ತಮಟೆ ಕಾಸುತ್ತಾರೆ ಅಂದೆ. ಅವರು ಚಾವಣಿಯ ಹೊಗೆ ಅಲಾರಂ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

ಇನ್ನು ಕುಣಿತ. ‘ಕೇಲಿ’ ಅಂತಾರೆ. ಟೀವಿಯಲ್ಲಿ ನೋಡ್ತೀವಲ್ಲ, ಕೈ ಕಟ್ಟಿಹಾಕಿದ ಹಾಗೆ ಬರೀ ಕಾಲಲ್ಲಿ ಕುಣಿಯೋದು, ಅದಲ್ಲ. ಇದು ಎಲ್ಲರೂ ಸೇರಿ ಕುಣಿಯೋದು, ಕೋಲಿಲ್ಲದ ಕೋಲಾಟ. ಸಾಲು ಎದುರುಬದುರು ನಿಂತು ಮುಂದೆ ಬರೋದು, ಹಿಂದೆ ಹೋಗೋದು, ಜೊತೆ ಬದಲಾಯಿಸೋದು, ಒಂದು ಸಾಲು ಕೈ ಎತ್ತಿದರೆ ಇನ್ನೊಂದು ಸಾಲು ಕೆಳಗೆ ನುಸುಳಿ ಮುಂದಿನವರನ್ನ ಎದುರಿಸೋದು. ಏಳು ವರ್ಷದ ಹುಡುಗಿಯಿಂದ ಮಂಡಿ ಆಪರೇಷನ್ ಆದ ಅಜ್ಜನ ತನಕ ಎಲ್ಲ ಒಂದೇ ಸಾಲಿನಲ್ಲಿ. ನನ್ನ ಹೆಬ್ಬೆರಳು ಹೋದದ್ದು ಅಲ್ಲೇ. ಅಜ್ಜಿ ತುಳಿದ ಮೇಲೆ ನಿಲ್ಲಲಿಲ್ಲ ಮಾರಾಯ, ಕೈ ಹಿಡಿದು ಎಳೆದುಕೊಂಡೇ ಹೋದರು. ಮುಗಿದ ಮೇಲೆ ತಾವೇ ಐಸ್ ತಂದುಕೊಟ್ಟರು.

ಅಜ್ಜಿ ಐಸ್ ಒತ್ತುತ್ತಾ ಹೇಳಿದ ಹಳೇ ಸುದ್ದಿ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. 1940-50ರ ದಶಕದಲ್ಲಿ ಬಾಸ್ಟನ್ನಿನ ರಾಕ್ಸ್‌ಬರಿಯಲ್ಲಿ, ಡಡ್ಲಿ ಸ್ಟ್ರೀಟಿನಲ್ಲಿ, ಐರಿಷರ ನಾಲ್ಕೈದು ಡ್ಯಾನ್ಸ್ ಹಾಲ್ ಅಕ್ಕಪಕ್ಕದಲ್ಲೇ ಇದ್ದವು. ಮನೆಗೆಲಸದ ಹುಡುಗಿಯರು, ಗಾರೆ ಕೆಲಸದ ಹುಡುಗರು ವಾರದ ಕೊನೆಗೆ ಅಲ್ಲಿಗೆ. ಎಷ್ಟೋ ಮದುವೆ ಅಲ್ಲೇ ಕುದುರಿದವು, ಅಜ್ಜಿಯ ಅಕ್ಕನದೂ. 60ರ ದಶಕದಲ್ಲಿ ಜನ ಹೊರವಲಯಕ್ಕೆ ಚದುರಿ, ಹಾಲ್‌ಗಳು ಒಂದೊಂದೇ ಮುಚ್ಚಿದವು. 1913ರಲ್ಲಿ ಕಟ್ಟಿದ ಹೈಬರ್ನಿಯನ್ ಹಾಲ್ ಕಟ್ಟಡ ಮಾತ್ರ ಇನ್ನೂ ಇದೆ. ಸಾಲದ್ದಕ್ಕೆ 1965ರ ವಲಸೆ ಕಾನೂನು ಬಂದು ದೇಶವಾರು ಕೋಟಾ ತೆಗೆದುಹಾಕಿತು. ಐರಿಷರಿಗೆ ಅಗಲವಾಗಿದ್ದ ಬಾಗಿಲು ಕಿರಿದಾಯ್ತು. ಅದೇ ಕಾನೂನಿನ ಬಾಗಿಲಿನಿಂದಲ್ಲವೇ ನಮ್ಮವರು ಇಲ್ಲಿಗೆ ಬಂದದ್ದು! ಅವರು ಕಳಕೊಂಡದ್ದರಲ್ಲಿ ನಮ್ಮ ಪಾಲೂ ಇದೆ ಅನ್ನಿಸಿ ಒಂಥರಾ ಆಯ್ತು. ಅಜ್ಜಿಗೆ ಹೇಳಿದೆ. ‘ಅದಕ್ಕೇ ಕಾಲು ತುಳಿದೆ’ ಅಂದರು.

80ರ ದಶಕದಲ್ಲಿ ಐರ್ಲೆಂಡಿನಲ್ಲಿ ಕೆಲಸವಿಲ್ಲದೆ ಮತ್ತೊಂದು ತಲೆಮಾರು ಬಂತು, ಎಷ್ಟೋ ಜನ ಕಾಗದಪತ್ರ ಇಲ್ಲದೆ. ಹಳೇ ಹಾಲ್‌ಗಳು ಮುಚ್ಚಿಹೋಗಿದ್ದ ಊರಿಗೆ ಬಂದವರು. 90ರ ದಶಕದಲ್ಲಿ ಕ್ಯಾಂಟನ್ನಿನ ಈ ಜಾಗ ಆದದ್ದು ಆ ಹಿನ್ನೆಲೆಯಲ್ಲಿ.

ಜಾಗ ಮಂಜು, ಜಾಗ. ನಾನು ಹೇಳಬೇಕು ಅಂದುಕೊಂಡದ್ದು ಇಷ್ಟೇ. ನಮ್ಮ ಕನ್ನಡ ಕೂಟದಲ್ಲಿ ಕಾರ್ಯಕ್ರಮಕ್ಕೆ ಬರ ಇಲ್ಲ. ಯುಗಾದಿ, ಗಣಪತಿ, ರಾಜ್ಯೋತ್ಸವ, ಒಂದಕ್ಕಿಂತ ಒಂದು ಜೋರು. ಎಲ್ಲ ಬಾಡಿಗೆ ಶಾಲೆಯ ಹಾಲಿನಲ್ಲಿ. ಹೋದ ಯುಗಾದಿಗೆ ಒಂಬತ್ತು ಗಂಟೆಗೆ ಕಾವಲುಗಾರ ಬೀಗದ ಕೈ ಕುಲುಕುತ್ತಾ ಬಂದು ನಿಂತ. ಮಕ್ಕಳ ನಾಟಕದ ಕೊನೆಯ ದೃಶ್ಯ ಬಾಕಿ ಇತ್ತು. ರಾಜನಿಗೆ ಸಾಯೋಕೂ ಟೈಮ್ ಸಿಗಲಿಲ್ಲ. ಬಿಸಿಬೇಳೆಭಾತಿನ ಪಾತ್ರೆ ಹೊತ್ತು ಪಾರ್ಕಿಂಗಿನಲ್ಲಿ ನಿಂತು ಹಂಚಿದೆವು. ನಮ್ಮಲ್ಲಿ ಬರಬೇಕಾದರೆ ಏನಾದರೂ ‘ಇರಬೇಕು’. ಇಲ್ಲಿ ಅಜ್ಜ ಏನೂ ಇಲ್ಲದ ಮಂಗಳವಾರವೂ ಬಂದು ಪೇಪರ್ ಓದ್ತಾರೆ. ನಮ್ಮಪ್ಪ ಇಲ್ಲಿಗೆ ಬಂದಾಗ ಆರು ತಿಂಗಳು ಕಿಟಕಿ ಪಕ್ಕ ಕೂತಿದ್ದರಲ್ಲ, ಅವರಿಗೆ ಬೇಕಿದ್ದದ್ದು ಕಾರ್ಯಕ್ರಮವಲ್ಲ, ಇಂಥ ಒಂದು ಕುರ್ಚಿ.

ಇಲ್ಲಿಯವರಿಗೂ ಚಿಂತೆ ಇದೆ ಅನ್ನು. ಮೊಮ್ಮಕ್ಕಳು ಸಾಕರ್, ಬೇಸ್‌ಬಾಲ್ ಅಂತ ಹೋಗ್ತಾರೆ. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇರೋರಿಗೇ ಹೀಗೆ. ನಮ್ಮ ಕೂಟದ ಮೀಟಿಂಗಿನಲ್ಲಿ ಸ್ವಂತ ಜಾಗದ ಮಾತೆತ್ತಿದೆ. ಮೊದಲು ಸೌಂಡ್ ಸಿಸ್ಟಮ್ ತಗೊಳ್ಳೋಣ ಅಂದರು.

ಅದಕ್ಕೇ ನಿನಗೊಂದು ಕೆಲಸ. ನೀನು ಮುಂಬಯಿಯ ಮಾಟುಂಗಾದಲ್ಲೇ ಇದ್ದೀಯ, ಅಲ್ಲಿನ ಕನ್ನಡಿಗರ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡೋಕೆ ಹೋಗ್ತಿರ್ತೀಯ. 1926ರಲ್ಲಿ ಶುರುವಾದ ಸಂಸ್ಥೆ, ಸ್ವಂತ ಕಟ್ಟಡ, ಸ್ವಂತ ಸಭಾಗೃಹ. ಅಲ್ಲಿಯ ಹಿರಿಯರು ಯಾರಾದರೂ ಸಿಕ್ಕರೆ ಕೇಳು: ಮೊದಲ ದುಡ್ಡು ಯಾರು ಹಾಕಿದರು, ಜಗಳ ಎಷ್ಟಾಯ್ತು, ನಡುವೆ ನಿಂತುಹೋಗುವ ಹಾಗೆ ಆಗಿತ್ತಾ. ಹೆಮ್ಮೆಯ ಇತಿಹಾಸ ಬೇಡ, ಲೆಕ್ಕದ ಪುಸ್ತಕದ ಕತೆ ಬೇಕು. ಸೆಪ್ಟೆಂಬರ್ ಮೀಟಿಂಗಿಗೆ ಮುಂಚೆ ಬರೆದು ಕಳಿಸು.

ಮುಂದಿನ ಭಾನುವಾರ ಸೆಮಿಫೈನಲ್ ಇದೆ. ಅಜ್ಜ ನನಗೆ ಮೇಯೋದ ಹಸಿರು-ಕೆಂಪು ಟೋಪಿ ಕೊಟ್ಟಿದ್ದಾರೆ. ಹಾಕಿಕೊಂಡರೆ ಶಾಪ ನನಗೂ ತಗುಲುತ್ತೋ ಏನೋ ಅಂತ ಇವಳು ಹೆದರಿಸ್ತಿದ್ದಾಳೆ. ಅತ್ತಿಗೆಗೆ ನಮಸ್ಕಾರ ಹೇಳು, ಮಕ್ಕಳಿಗೆ ಆಶೀರ್ವಾದ.

ನಿನ್ನ,
ಸುರೇಶ