ಅಂಕಪಟ್ಟಿಗಿಂತ ಮೊದಲೇ ಆಗುವ ತೀರ್ಮಾನ

ಮಾನ್ಯರೇ,

ಫಲಿತಾಂಶ ಬಂದ ವಾರ 'ಮುಂದೆ ಯಾವ ಕೋರ್ಸ್?' ಎಂಬ ಸಲಹೆಗಳು ಪತ್ರಿಕೆಗಳ ಪುಟ ತುಂಬುತ್ತವೆ. ವಿಜ್ಞಾನ, ಗಣಿತದ ಮಟ್ಟಿಗೆ ಈ ಸಲಹೆ ಮೂರ್ನಾಲ್ಕು ವರ್ಷ ತಡ.

ಅಮೆರಿಕದಲ್ಲಿ 1988ರಲ್ಲಿ 8ನೇ ತರಗತಿಯಲ್ಲಿದ್ದ ಮಕ್ಕಳಿಗೆ, 30ನೇ ವಯಸ್ಸಿಗೆ ಯಾವ ಕೆಲಸದಲ್ಲಿರುತ್ತೀರಿ ಎಂದು ಕೇಳಲಾಗಿತ್ತು. ಅವರಲ್ಲಿ ಪದವಿ ಮುಗಿಸಿದವರ ಲೆಕ್ಕ 2006ರಲ್ಲಿ 'ಸೈನ್ಸ್' ನಿಯತಕಾಲಿಕದಲ್ಲಿ ಬಂತು. ಗಣಿತದಲ್ಲಿ ಸಾಧಾರಣವಾಗಿದ್ದರೂ ವಿಜ್ಞಾನದ ಕೆಲಸ ಎಂದು ಹೇಳಿದ್ದವರು ಭೌತವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಪಡೆಯುವ ಸಾಧ್ಯತೆ ಶೇ 34. ಗಣಿತದಲ್ಲಿ ಮುಂದಿದ್ದೂ ಬೇರೆ ಕೆಲಸ ಹೇಳಿದ್ದವರದು ಶೇ 19. ಆಸೆಯೇ ಪದವಿ ಕೊಡಿಸಿತು ಎಂದು ಇದರಿಂದ ಸಾಬೀತಾಗದು. ಆದರೆ ಬರೀ ಅಂಕ ನೋಡಿ ದಾರಿ ತೋರಿಸುವುದು ಎಷ್ಟು ಕುರುಡು ಎಂಬುದಂತೂ ತಿಳಿಯುತ್ತದೆ.

ಹಾಗಾದರೆ ಆಸಕ್ತಿ ಹುಟ್ಟಿಸಿದರೆ ಸಾಕೇ? ಸಾಲದು. ಇಂಗ್ಲೆಂಡಿನಲ್ಲಿ 10ರಿಂದ 14 ವರ್ಷದವರ ನಡುವೆ ನಡೆದ ದೀರ್ಘ ಅಧ್ಯಯನದಲ್ಲಿ ಬಹುಪಾಲು ಮಕ್ಕಳು ವಿಜ್ಞಾನ ಪಾಠ ಚೆನ್ನಾಗಿದೆ ಎಂದರು. ವಿಜ್ಞಾನಿಯಾಗುವ ಆಸೆ ಇದ್ದವರು ಶೇ 15ರಷ್ಟು ಮಾತ್ರ. 'ಚೆನ್ನಾಗಿದೆ' ಎನ್ನುವುದಕ್ಕೂ 'ನನಗೆ ಒಗ್ಗುತ್ತದೆ' ಎನ್ನುವುದಕ್ಕೂ ನಡುವೆ ಇರುವುದು 'ನನ್ನ ಕೈಲಾಗುತ್ತದೆ' ಎಂಬ ನಂಬಿಕೆ. ಅದು 'ನೀನು ಜಾಣ' ಎಂಬ ಹೊಗಳಿಕೆಯಿಂದ ಬರುವುದಕ್ಕಿಂತ ಹೆಚ್ಚಾಗಿ ತಾನೇ ಮಾಡಿ ಗೆದ್ದ ಕೆಲಸದಿಂದ ಬರುತ್ತದೆ.

ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವ ಸರಳ ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳಿ. ಒಂದು ಮೀಟರ್ ಉದ್ದದ ಲೋಲಕ 20 ಆಂದೋಲನಕ್ಕೆ ಸುಮಾರು 40 ಸೆಕೆಂಡು ತೆಗೆದುಕೊಳ್ಳುತ್ತದೆ. ಕೆಲವರಿಗೆ 38 ಬರುತ್ತದೆ. ಆಗ ಈ ಸಮಯದಿಂದ ಲೆಕ್ಕ ಹಾಕುವ ಗುರುತ್ವ ವೇಗೋತ್ಕರ್ಷ (ಭೂಮಿಯ ಸೆಳೆತದಿಂದ ಬೀಳುವ ವಸ್ತುವಿನ ವೇಗ ಹೆಚ್ಚುವ ದರ) 9.8ರ ಬದಲು 10.9ರ ಹತ್ತಿರ ಹೋಗುತ್ತದೆ. ಕಾರಣ, ಗುಂಡನ್ನು ಬಿಟ್ಟ ಕ್ಷಣವೇ 'ಒಂದು' ಎಂದು ಎಣಿಸಿರುತ್ತಾರೆ. ಆಗಿರುವುದು 19 ಆಂದೋಲನ. 'ಸೊನ್ನೆ'ಯಿಂದ ಎಣಿಸಿದರೆ ಸರಿಹೋಗುತ್ತದೆ. ದಾರದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯದೆ ಗಂಟಿನವರೆಗೆ ಮಾತ್ರ ಅಳೆಯುವುದು ಇನ್ನೊಂದು ತಪ್ಪು. ಇಂಥ ತಪ್ಪನ್ನು ವಿದ್ಯಾರ್ಥಿಯೇ ಹುಡುಕಿ ತೆಗೆದರೆ ಆ ಒಂದು ಗಂಟೆ ಹತ್ತು ಭಾಷಣಕ್ಕೆ ಸಮ. ಆದರೆ ನಡೆಯುವುದೇನು? ಪುಸ್ತಕದ ಉತ್ತರಕ್ಕೆ ಹೊಂದುವಂತೆ ಅಳತೆಗಳನ್ನು ಹಿಂದಿನಿಂದ ಬರೆಸುತ್ತೇವೆ. ರೆಕಾರ್ಡ್ ಪುಸ್ತಕ ಅಚ್ಚುಕಟ್ಟಾಗಿರುತ್ತದೆ, ಅಷ್ಟೇ.

ಗಣಿತದ ಭಯದ ಬೇರು ಇನ್ನೂ ಕೆಳಗಿದೆ. 8 + 4 = ▢ + 5 ಎಂದು ಕೊಟ್ಟು ನೋಡಿ. 12 ಎಂದು ತುಂಬುವ ಮಗುವಿಗೆ ಸಮ ಚಿಹ್ನೆ ಎಂದರೆ 'ಉತ್ತರ ಬರೆ' ಎಂಬ ಆಜ್ಞೆ. ಎರಡೂ ಬದಿ ಸಮ ಎಂಬ ಅರ್ಥವಲ್ಲ. ಮುಂದೆ ಸಮೀಕರಣ ಬಂದಾಗ 'ಪಕ್ಷಾಂತರ ಮಾಡಿದರೆ (ಸಮ ಚಿಹ್ನೆಯ ಆಚೆ ಬದಿಗೆ ಒಯ್ದರೆ) ಚಿಹ್ನೆ ಬದಲು' ಎಂಬುದು ಅದಕ್ಕೆ ಮಂತ್ರವಾಗಿಯೇ ಉಳಿಯುತ್ತದೆ. ಭಿನ್ನರಾಶಿಯಲ್ಲೂ ಇದೇ ಕಥೆ: 2/3 + 1/4 = 3/7 ಎಂದು ಬರೆಯುವವರನ್ನು 6ನೇ ತರಗತಿಯಲ್ಲಿ ಹಿಡಿಯದಿದ್ದರೆ 9ನೆಯದರಲ್ಲಿ ಬೀಜಗಣಿತವೇ ಅವರನ್ನು ಹೊರಹಾಕುತ್ತದೆ. ಇದಕ್ಕೆ ಹೊಸ ಪಠ್ಯ ಬೇಕಿಲ್ಲ. ವಾರಕ್ಕೊಮ್ಮೆ ಐದು ಪ್ರಶ್ನೆ ಕೊಟ್ಟು, ಅಂಕ ಹಾಕದೆ, ಒಂದೇ ಬಗೆಯ ತಪ್ಪು ಮಾಡಿದವರನ್ನು ಒಟ್ಟಿಗೆ ಕೂರಿಸಿ ತಿದ್ದಿಸಿ, ಮತ್ತೆ ಅಂಥದೇ ಲೆಕ್ಕ ಕೊಟ್ಟರಾಯಿತು.

ಪೋಷಕರ ಪಾತ್ರವೂ ಸಣ್ಣದಲ್ಲ. ಅಮೆರಿಕದ ಒಂದು ಪ್ರಯೋಗದಲ್ಲಿ ಪ್ರೌಢಶಾಲೆಯ ಮಕ್ಕಳ ಪೋಷಕರಿಗೆ ಗಣಿತ–ವಿಜ್ಞಾನದ ಉಪಯೋಗ ವಿವರಿಸುವ ಎರಡು ಕಿರುಪುಸ್ತಿಕೆ, ಒಂದು ಜಾಲತಾಣ ಒದಗಿಸಲಾಯಿತು. ಆ ಮಕ್ಕಳು ಕೊನೆಯ ಎರಡು ವರ್ಷಗಳಲ್ಲಿ ಉಳಿದವರಿಗಿಂತ ಸರಾಸರಿ ಸುಮಾರು ಒಂದು ಸೆಮಿಸ್ಟರಿನಷ್ಟು ಹೆಚ್ಚು ಗಣಿತ, ವಿಜ್ಞಾನ ಆಯ್ದುಕೊಂಡರು.

ಕಾಲೇಜು ಸೇರಿದ ಮೇಲೂ ವಿಜ್ಞಾನ, ಗಣಿತ ಬಿಟ್ಟುಹೋಗುವವರ ಸೋರಿಕೆ ನಿಲ್ಲುವುದಿಲ್ಲ. 225 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಂತೆ, ಬರೀ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರು ಸರಾಸರಿ ಶೇ 33.8, ವಿದ್ಯಾರ್ಥಿಗಳೇ ಚರ್ಚಿಸಿ ಲೆಕ್ಕ ಬಿಡಿಸುವ ತರಗತಿಗಳಲ್ಲಿ ಶೇ 21.8. ಬಿಟ್ಟುಹೋದವರೆಲ್ಲ ದಡ್ಡರು ಎನ್ನುವ ಮುನ್ನ ಪಾಠದ ಕ್ರಮವನ್ನೂ ನೋಡಬೇಕು.

ಪತ್ರಿಕೆಯ ಕೋರ್ಸ್ ಮಾರ್ಗದರ್ಶಿ ಪುಟಗಳಲ್ಲಿ ಒಂದನ್ನಾದರೂ 7, 8ನೇ ತರಗತಿಯ ಮಕ್ಕಳ ಪೋಷಕರಿಗಾಗಿ, ಫಲಿತಾಂಶದ ಗದ್ದಲವಿಲ್ಲದ ತಿಂಗಳಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ.

— ವಿಜ್ಞಾನ ಮತ್ತು ಗಣಿತ ಶಿಕ್ಷಕರು